ಖಾಲಿ ಕಳಿಸಿದ ಡಬ್ಬಿ

ಸೋಯಾ ಸಾಸಿನ ಬಾಟಲಿಯ ಮುಚ್ಚಳ ತಿರುಗಿಸಿದೆ, ಅಷ್ಟೇ. ಆ ಉಪ್ಪುಪ್ಪು ಘಾಟು ಮೂಗಿಗೆ ಬಡಿದದ್ದೇ ತಡ, ಬಾಜು ಮನೆಯ ಕಾಕು ಅಡುಗೆಮನೆಯಲ್ಲಿ ಬಂದು ಕೂತಂತಾಯಿತು. ಹಬ್ಬಕ್ಕೆ ಬಂದ ಮಗಳಿಗೆಂದು ಆಸೆಪಟ್ಟು ತಂದ ಬಾಟಲಿ ಅದು. ಹಳೆಯದೆಲ್ಲ ನೆನಪಾಗುತ್ತದೆಂದು ಇಷ್ಟು ವರ್ಷ ಆ ಸಾಸನ್ನು ಮನೆಯೊಳಗೆ ಬಿಟ್ಟುಕೊಂಡಿರಲಿಲ್ಲ. ಮಗಳು ಬಾಟಲಿ ಹೊರಳಿಸಿ, ಹಿಂದಿನ ಸಣ್ಣ ಅಕ್ಷರ ಓದಿ ಪಕ್ಕಕ್ಕಿಟ್ಟಳು.

"ಇದು ನನಗ ನಡೆಯಂಗಿಲ್ಲ ಅವ್ವಾ. ಇದ್ರಾಗ ಗೋಧಿ ಇರ್ತದ."

ಅವಳಿಗೆ ಅದು ದಿನದ ಮಾತು. ನನಗೆ ಮಾತ್ರ ಅವತ್ತಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ.

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿತ್ತು. ಬಸವಕಲ್ಯಾಣದಲ್ಲಿ ನಮ್ಮ ಮನೆಗೂ ಕಾಕುವಿನ ಮನೆಗೂ ನಡುವೆ ಒಂದು ಮೋಟು ಗೋಡೆ. ಮಗಳಿಗೆ ಆಗ ಒಂಬತ್ತು. ಉಂಡದ್ದು ಮೈಗೆ ಹತ್ತದೆ, ಹೊಟ್ಟೆಯೊಂದು ಉಬ್ಬಿ, ಕೈಕಾಲು ಕಡ್ಡಿಯಾಗಿದ್ದವು. ಗೋಧಿಯ ಒಂದು ಕಣವೂ ಕೂಡದು, ಸದ್ಯಕ್ಕೆ ಹಾಲು ತುಪ್ಪವೂ ಬೇಡ ಎಂದು ಹೈದರಾಬಾದಿನ ಡಾಕ್ಟರು ಹೇಳಿಬಿಟ್ಟರು. ಗೋಧಿ ಬೀಸಿದ ಗಿರಣಿಯಲ್ಲೇ ಜೋಳ ಹಾಕಿಸಿದರೂ ಅಪಾಯವೆಂದರು. ಬರೀ ಜೋಳ, ಅಕ್ಕಿ ಬೀಸುವ ಗಿರಣಿ ಹುಡುಕಿಕೊಂಡೆ. ತತ್ತಿ, ಮಾಂಸ ನಮ್ಮ ಮನೆಯಲ್ಲಿ ಮೊದಲೇ ಇಲ್ಲ. ಚಪಾತಿ ಹೋಯಿತು, ಹೋಳಿಗೆ ಹೋಯಿತು, ಬಿಸ್ಕೀಟೂ ಹೋಯಿತು... ಉಳಿದದ್ದು ರೊಟ್ಟಿ, ಬೇಳೆ, ಅನ್ನ. ಮಗು ತಾಟು ನೋಡಿದರೆ ಮುಖ ತಿರುಗಿಸುತ್ತಿತ್ತು.

ಒಮ್ಮೆ ಡಾಕ್ಟರ ಹತ್ತಿರದಿಂದ ಮರಳುವಾಗ ಹುಮನಾಬಾದಿನಲ್ಲಿ ಬಸ್ಸು ಬದಲಿಸಬೇಕಿತ್ತು. ಸ್ಟ್ಯಾಂಡಿನ ಹೊರಗೆ ಒಂದು ಚೈನೀಸ್ ಬಂಡಿ. ಹಬೆಯಾಡುವ ಪಾತ್ರೆಯಿಂದ ನೆರಿಗೆ ಹಿಡಿದ ಬಿಳಿ ಕಡಬಿನಂಥವನ್ನು ತೆಗೆದು, ಮೇಲೆ ಕರಿ ಸಾಸು ಸುರಿದು ಕೊಡುತ್ತಿದ್ದರು. ಹೆಸರು ಚೈನೀಸ್ ಮೋಮೋ ಅಂತೆ. ಮಗಳು ಅಲ್ಲಿಂದ ಕದಲಲಿಲ್ಲ. ಎಲ್ಲ ಮೈದಾ! ರಟ್ಟೆ ಹಿಡಿದು ಎಳೆದುಕೊಂಡು ಬಂದೆ. ಅವತ್ತೂ ಉಣ್ಣಲಿಲ್ಲ, ಮರುದಿನವೂ ಉಣ್ಣಲಿಲ್ಲ. ಹಟದಲ್ಲಿ ಥೇಟ್ ನನ್ನ ಮಗಳೇ.

ನಾನೂ ಬಿಡಲಿಲ್ಲ. ಹುಮನಾಬಾದಿನಿಂದ ಸಾಸು ತರಿಸಿದೆ. ಸೋಯಾ ಎಂದರೆ ಕಾಳು, ಕಾಳಿಗೇನು ದೋಷ ಎಂಬುದು ನನ್ನ ಜಾಣತನ. ಎಲೆಕೋಸು, ಗಜ್ಜರಿ, ಬೆಳ್ಳುಳ್ಳಿ, ಹಸಿಶುಂಠಿ ಹೆಚ್ಚಿ ಸಾಸಿನಲ್ಲಿ ಹುರಿದೆ. ಜೋಳದ ಹಿಟ್ಟಿಗೆ ಅಕ್ಕಿ ಹಿಟ್ಟು ಬೆರೆಸಿ, ಮೈದಾ ನಾದುವಂತೆ ತಣ್ಣೀರಿನಲ್ಲಿ ನಾದಿದೆ. ಹುಟ್ಟಿದಾಗಿನಿಂದ ರೊಟ್ಟಿ ತಿಂದವಳು, ಪರದೇಶದ ತಿಂಡಿ ಎಂದಕೂಡಲೇ ನಮ್ಮ ಬುದ್ಧಿಯನ್ನೆಲ್ಲ ಕಟ್ಟಿ ಇಡಬೇಕೆಂದುಕೊಂಡಿದ್ದೆ. ಮಡಚಿದಲ್ಲೆಲ್ಲ ಹಿಟ್ಟು ಹರಿಯಿತು. ನನ್ನ ಬೈಗುಳ ಕೇಳಿ ಕಾಕು ಗೋಡೆಯಾಚೆಯಿಂದ ಇಣುಕಿದಳು.

"ಚೀನಾದ್ದಾದ್ರೇನು ತಂಗಿ, ಹಿಟ್ಟು ನಮ್ಮದೇ ಅದ ಅಲ್ಲ? ಎಸರು ಹಾಕದ ಜಿಗಿ ಹ್ಯಾಂಗ ಬರ್ತದ?"

ಮಾರನೆಯ ದಿನ ತನ್ನದೇ ಜೋಳದ ಹಿಟ್ಟನ್ನು ಸ್ಟೀಲ್ ಡಬ್ಬಿಯಲ್ಲಿ ತುಂಬಿಕೊಂಡು ಬಂದಳು. ಕುದಿಯುವ ಎಸರನ್ನು ಹಿಟ್ಟಿಗೆ ಸುರಿದು, ಕೈ ಸುಡುತ್ತಿದ್ದರೂ ಬಿಡದೆ ನಾದಿದಳು. ಒದ್ದೆ ಅರಿವೆಯ ಮೇಲೆ ಪುಟ್ಟ ಪುಟ್ಟ ರೊಟ್ಟಿ ತಟ್ಟಿ, ನಾನು ಸಾಸಿನಲ್ಲಿ ಹುರಿದ ಪಲ್ಯ ತುಂಬಿ, ನೆರಿಗೆ ಹಿಡಿದಳು. ಒಂದೂ ಹರಿಯಲಿಲ್ಲ. ಪಾತೇಲಿಯ ಬಾಯಿಗೆ ಬಟ್ಟೆ ಬಿಗಿದು ಹಬೆಯಲ್ಲಿ ಬೇಯಿಸಿದೆವು. ಮಗಳು ಊದಿ ಊದಿ ಒಂದಾದ ಮೇಲೊಂದು ತಿಂದಳು. ತಿಂಗಳುಗಳ ಮೇಲೆ ಅವಳು ಇನ್ನೂ ಬೇಕು ಅಂದದ್ದು ಕೇಳಿ ಕಾಕು ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಮರುದಿನ ಮುಂಜಾನೆ ವಾಂತಿ ಶುರುವಾಯಿತು. ನಾಲ್ಕು ದಿನ ಸಲೈನು. ದವಾಖಾನೆಯಿಂದ ಬಂದವಳೇ ಗೋಡೆಯ ಹತ್ತಿರ ನಿಂತು, ಗೋಧಿ ಹಾಕಿಸಿದ ಗಿರಣಿಯಲ್ಲೇ ಜೋಳ ಹಾಕಿಸಿದಿರಿ, ನನ್ನ ಕೂಸನ್ನು ಕೊಲ್ಲುತ್ತಿದ್ದಿರಿ ಎಂದೆ. ಓಣಿಗೆಲ್ಲ ಕೇಳುವಂತೆ ಎಂದೆ...

"ಗಿರಣಿಗಿ ಒಯ್ದಿಲ್ಲವ್ವ," ಎಂದಳು ಕಾಕು. "ಕಲ್ಲಿನ್ಯಾಗ ಬೀಸೀನಿ."

ನಾನು ನಂಬಲಿಲ್ಲ. ಈ ಕಾಲದಲ್ಲಿ ಕೈಯಿಂದ ಬೀಸುವವರು ಯಾರು? ಅವಳ ಬೀಸುವ ಕಲ್ಲಿನ ಮೇಲೆ ಉಪ್ಪಿನಕಾಯಿ ಭರಣಿ ಕೂತಿದ್ದನ್ನು ನಾನೇ ನೋಡಿದ್ದೆ. ಡಬ್ಬಿ ತೊಳೆದು ತಂದು ಅವಳ ಕೈಗೆ ಕೊಟ್ಟೆ, ಖಾಲಿ. ನಮ್ಮ ಓಣಿಯಲ್ಲಿ ಯಾರ ಪಾತ್ರೆಯನ್ನೂ ಖಾಲಿ ಮರಳಿಸುವುದಿಲ್ಲ. ಏನೂ ಇಲ್ಲದಿದ್ದರೆ ಚಿಟಿಕೆ ಸಕ್ಕರೆಯನ್ನಾದರೂ ಹಾಕುತ್ತೇವೆ. ಕಾಕು ಮುಚ್ಚಳ ತೆಗೆದು ನೋಡಿದಳು, ಮತ್ತೆ ಮುಚ್ಚಿ ಒಳಗೆ ಹೋದಳು.

ಆಮೇಲೆ ನಮ್ಮಲ್ಲಿ ಮಾತಿಲ್ಲ. ವರ್ಷದೊಳಗೆ ಅವಳು ಕೊಹಿನೂರು ಎಂಬ ಹಳ್ಳಿಯಲ್ಲಿದ್ದ ಮಗಳ ಮನೆಗೆ ಹೋಗಿಬಿಟ್ಟಳು. ಸಾಮಾನಿನ ಟೆಂಪೋ ಹೊರಟಾಗ ನಾನು ಕಿಟಕಿಯಿಂದ ನೋಡಿದೆ. ಹೊರಗೆ ಬರಲಿಲ್ಲ. ನನ್ನಂಥ ಕೆಟ್ಟ ಹೆಂಗಸು ಇನ್ನೊಬ್ಬಳಿರಲಿಕ್ಕಿಲ್ಲ.

ಹಬ್ಬ ಮುಗಿಸಿ ಮಗಳು ಹೋದ ಮಾರನೆಯ ದಿನ ಸಾಸಿಲ್ಲದೆ ಅವೇ ಕಡಬು ಮಾಡಿದೆ, ಡಬ್ಬಿಗೆ ತುಂಬಿ ಕೊಹಿನೂರಿನ ಬಸ್ಸು ಹತ್ತಿದೆ. ಬಾಗಿಲು ತೆಗೆದದ್ದು ಕಾಕುವಿನ ಮಗಳು. ಅವ್ವ ತೀರಿಹೋಗಿ ನಾಲ್ಕು ವರ್ಷವಾಯಿತು ಅಂದಳು. ಹೊಸ್ತಿಲಲ್ಲೇ ನಿಂತು ಎಲ್ಲ ಹೇಳಿದೆ, ಗೋಧಿ ಇದ್ದದ್ದು ನನ್ನ ಸಾಸಿನ ಬಾಟಲಿಯಲ್ಲೇ ಎಂಬುದನ್ನೂ, ಖಾಲಿ ಡಬ್ಬಿಯ ಸಂಗತಿಯನ್ನೂ. ಅವಳು ಬೈದಿದ್ದರೆ ಹಗುರಾಗುತ್ತಿತ್ತು. ಒಳಗೆ ಕರೆದು, ಪಡಸಾಲೆಯ ಮೂಲೆಯಲ್ಲಿದ್ದ ಬೀಸುವ ಕಲ್ಲು ತೋರಿಸಿದಳು.

"ಅವ್ವ ಇದನ್ನ ಅಲ್ಲಿಂದ ತಂದಿದ್ಳ್ರಿ. ಸಾಯೋತನಕ ಇದಕ್ಕ ಗೋಧಿ ಮುಟ್ಟಿಸಗೊಡ್ಲಿಲ್ಲ. ಬಾಜು ಮನಿ ಕೂಸು ಎಂದಾರ ಬಂದ್ರ ಬೇಕಾಗ್ತದ ಅಂತಿದ್ಳು."

ಹೊರಡುವಾಗ ನನ್ನ ಡಬ್ಬಿ ತಂದುಕೊಟ್ಟಳು. ಭಾರವಾಗಿತ್ತು. ಅದೇ ಕಲ್ಲಿನಲ್ಲಿ ಬೀಸಿದ ಜೋಳದ ಹಿಟ್ಟು.

ಜೋಳದ ಹಿಟ್ಟು ಎಂಟು ದಿನಕ್ಕೆ ಜಿಗಿ ಕಳೆದುಕೊಳ್ಳುತ್ತದೆ ಎಂದು ಕಾಕು ಹೇಳುತ್ತಿದ್ದಳು. ಇವತ್ತಿಗೆ ಏಳು ದಿನ. ಡಬ್ಬಿ ಬಿಚ್ಚುವ ಧೈರ್ಯ ಸಾಲದೆ ದಿನಾ ಅದರ ಸುತ್ತ ತಿರುಗಿದ್ದೇನೆ. ಈಗ ಎಸರಿಗೆ ನೀರಿಟ್ಟು ಬಂದು ಇದನ್ನು ಬರೆಯುತ್ತಿದ್ದೇನೆ. ತಪ್ಪಿದರೆ ಗೋಡೆಯಾಚೆಯಿಂದ ತಿದ್ದುವವಳಿಲ್ಲ. ನೀರು ಕುದಿಯುವ ಸಪ್ಪಳ ಕೇಳುತ್ತಿದೆ, ಏಳಬೇಕು.