ಬೆನ್ನಿಗೆ ಮಾತ್ರ ಬೇಡ

ಬೆನ್ನಿಗೆ ಸ್ಪಿರಿಟ್ ಹಚ್ಚಿದ ಕೂಡಲೇ ಮೈ ಜುಮ್ಮೆಂದಿತು. ಗರ್ಭಕೋಶ ತೆಗೆಸಿಕೊಳ್ಳಲು ದುರ್ಗದ ಆಸ್ಪತ್ರೆಯಲ್ಲಿ, ಆಪರೇಷನ್ ಮೇಜಿನ ಮೇಲೆ ಬೆನ್ನು ಬಗ್ಗಿಸಿ ಕೂತಿದ್ದೆ. ಅಂಥ ಹೊತ್ತಿನಲ್ಲಿ ದೇವರು ನೆನಪಾಗಬೇಕು ತಾನೆ? ಆ ವಾಸನೆಗೆ ನೆನಪಾದವಳು ಹಿರೇಗುಂಟನೂರಿನ ನನ್ನ ಚಿಕ್ಕಮ್ಮ.

ಕೆಲವು ವರ್ಷಗಳ ಹಿಂದೆ ಅವಳಿಗೂ ಇದೇ ಆಪರೇಷನ್ ಆಗಿತ್ತು. ಜೊತೆಗಿದ್ದವಳು ನಾನು. ಅರಿವಳಿಕೆ ಡಾಕ್ಟರು ಎರಡು ದಾರಿ ಹೇಳಿದ್ದರು. ಪೂರ್ತಿ ನಿದ್ದೆ ಬರಿಸುವುದು ಒಂದು, ಬೆನ್ನಿಗೆ ಸೂಜಿ ಚುಚ್ಚಿ ಸಣ್ಣ ಪೈಪು ಬಿಡುವುದು ಇನ್ನೊಂದು. ಪೈಪಿದ್ದರೆ ಆಮೇಲೂ ಅದರಲ್ಲೇ ನೋವಿನ ಔಷಧಿ ಕೊಡಬಹುದಂತೆ. ಚಿಕ್ಕಮ್ಮ ಕೇಳಿಸಿಕೊಂಡರೆ ತಾನೆ!

"ಬೆನ್ನಿಗ್ ಮಾತ್ರ ಬ್ಯಾಡ್ರಿ ಸಾ. ದಿನಾ ಕುರಿ ಹಿಂದೆ ಅಡ್ಡಾಡೋಳು ನಾನು. ಬೆನ್ನು ಹೋದ್ರೆ ನನ್ ಕಥೆ ಮುಗೀತು."

ಅವಳ ಓಣಿಯಲ್ಲಿ ಯಾರ ಬೆನ್ನು ಹಿಡಿದುಕೊಂಡರೂ ತಪ್ಪೆಲ್ಲ ಹೆರಿಗೆಯಲ್ಲಿ ಬೆನ್ನಿಗೆ ಚುಚ್ಚಿದ ಸೂಜಿಯದೇ. ಹೇಳಿಕೇಳಿ ನಾನು ಟೀಚರು, ಗಂಟಲು ಒಣಗುವ ತನಕ ಕೊರೆದೆ. ಏನೂ ಉಪಯೋಗವಾಗಲಿಲ್ಲ.

ಪೂರ್ತಿ ನಿದ್ದೆ ಬರಿಸಿಯೇ ಆಪರೇಷನ್ ಆಯಿತು. ಎಚ್ಚರವಾದ ಮೇಲೆ ಡಾಕ್ಟರು ನೋವಿದೆಯಾ ಎಂದರೆ "ಏನಿಲ್ರಿ". ನರ್ಸ್ ಕೇಳಿದರೂ "ಏನಿಲ್ಲವ್ವ". ಪಕ್ಕದ ಹಾಸಿಗೆಯಲ್ಲಿ ಪೇಟೆಯ ಬಳೆ ಅಂಗಡಿಯ ಫಾತಿಮಾಬಿ. ಅವರಿಗೂ ಅದೇ ಆಪರೇಷನ್, ಆದರೆ ಬೆನ್ನಲ್ಲಿ ಪೈಪು. ಆ ಪುಣ್ಯಾತ್ಗಿತ್ತಿ ದಿಂಬಿಗೊರಗಿ, ಚಹಾ ಇನ್ನೂ ಯಾಕೆ ಕೊಟ್ಟಿಲ್ಲವೆಂದು ಜಗಳ ತೆಗೆದಿದ್ದರು. ಇತ್ತ ಚಿಕ್ಕಮ್ಮ ಹೊದಿಕೆಯ ಅಂಚನ್ನು ಬಾಯಿಗೆ ತುರುಕಿಕೊಂಡಿದ್ದಳು.

ಕಡೆಗೆ ಫಾತಿಮಾಬಿಯೇ ಕೂಗಿದರು. "ಡಾಕ್ಟರ್ ಸಾಬ್, ಇವ್ರು ಸುಳ್ ಹೇಳ್ತಾವ್ರೆ. ಆಗ್ಲಿಂದ ಹಲ್ ಕಚ್ಕಂಡವ್ರೆ, ನೋಡ್ರಿ!"

ಚಿಕ್ಕಮ್ಮ ಅಳುತ್ತ ಬಾಯಿಬಿಟ್ಟಳು. "ನೋವು ಅಂದ್ರೆ ಬೆನ್ನಿಗೆ ಚುಚ್ತೀರಲ್ರಿ!"

ಅಯ್ಯೋ ಶಿವನೇ, ಇದಕ್ಕಾ ಇವಳು ಅಷ್ಟು ಹೊತ್ತು ನರಳಿದ್ದು! ಡಾಕ್ಟರು ನಗಲಿಲ್ಲ. ಗ್ಲೂಕೋಸ್ ಪೈಪಿನಲ್ಲೇ ಔಷಧಿ ಹಾಕಿಸಿ, "ಮೊದಲೇ ಹೇಳಬಾರದಾ ತಾಯಿ" ಎಂದರು. ನನಗೆ ಸಿಟ್ಟೂ ಬಂತು, ಕರುಳೂ ಚುರುಕ್ಕೆಂದಿತು.

ಈಗ ನನ್ನ ಸರದಿ. ನಾನಂತೂ ಜಾಣೆ, ಬೆನ್ನಿಗೇ ಪೈಪು ಹಾಕಿಸಿಕೊಂಡೆ. ಆಪರೇಷನ್ ಚೆನ್ನಾಗಿಯೇ ಆಯಿತು. ಸಂಜೆಗೆ ಔಷಧಿಯ ಬಲ ಇಳಿದು ಹೊಟ್ಟೆಯೊಳಗೆ ಹಿಂಡತೊಡಗಿತು. ಆಗಲೇ ಡಾಕ್ಟರು ಬಂದು ನೋವಿದೆಯಾ ಎಂದರು. ನನ್ನ ಬಾಯಿಂದ ಬಂದದ್ದೇನು ಗೊತ್ತೇ? "ಪರವಾಗಿಲ್ಲ ಸರ್." ನನಗೆ ಸೂಜಿಯ ಭಯವೂ ಇರಲಿಲ್ಲ. ಯಾಕೆ ಹಾಗಂದೆನೋ, ಇವತ್ತಿಗೂ ತಿಳಿಯದು.

ನನ್ನನ್ನು ನೋಡಿಕೊಳ್ಳಲು ಬಂದಿದ್ದ ಚಿಕ್ಕಮ್ಮ ಸ್ಟೂಲಿನಿಂದ ಎದ್ದಳು. "ಏನ್ ಪರವಾಗಿಲ್ಲ? ಅವಳ ಮುಖ ನೋಡ್ರಿ ಸಾ. ಬೆನ್ನಾಗೆ ಪೈಪೈತಲ್ಲ, ಹಾಕ್ರಿ ಔಷಧಿ!"

ಆಮೇಲೆ ನನ್ನ ಕಡೆ ಬಗ್ಗಿ, "ನೋವು ಅನ್ನೇ. ಯಾರೂ ಬೈಯಲ್ಲ" ಎಂದಳು.

"ನೋವು ಚಿಕ್ಕಮ್ಮ" ಎಂದೆ. ಎಂದವಳೇ, ವಾರ್ಡಿಗೆಲ್ಲ ಕೇಳುವ ಹಾಗೆ ಅತ್ತುಬಿಟ್ಟೆ.