ಏಳನೇ ನಂಬರಿನ ಕಿವಿ

ನಿವೃತ್ತಿಗೆ ಎರಡು ವರ್ಷ ಬಾಕಿ ಇದ್ದಾಗ ನಾನು ಶಿವಮೊಗ್ಗದ ಗೋಪಾಳದಲ್ಲಿದ್ದ ಒಂದು ಪರ್ಯಾಯ ಪ್ರೌಢಶಾಲೆಯಲ್ಲಿ ಮೆಂಟರ್ ಆಗಿದ್ದೆ. ಬೇರೆ ಶಾಲೆಗಳಿಗೆ ಒಗ್ಗದ ಮಕ್ಕಳು ನಮ್ಮಲ್ಲಿಗೆ ಬರುತ್ತಿದ್ದರು. ಪ್ರತಿ ಮಗುವಿಗೂ ಅದರದೇ ಪ್ರಾಜೆಕ್ಟ್, ಅದರದೇ ಫೈಲ್. ಇಲ್ಲಿ ಮಕ್ಕಳ ಮಾತು ಕೇಳುತ್ತೇವೆ ಎಂದು ನಮ್ಮ ಬೆನ್ನು ನಾವೇ ತಟ್ಟಿಕೊಳ್ಳುತ್ತಿದ್ದೆವು.

ಸಿಂಧು ಭದ್ರಾವತಿಯ ಓಲ್ಡ್ ಟೌನ್ ಹುಡುಗಿ, ಒಂಬತ್ತನೇ ತರಗತಿ. ಅವಳ ತಂದೆ ರುದ್ರೇಶ್ ನಮ್ಮ ಶಾಲೆಯ ವ್ಯಾನ್ ಓಡಿಸುತ್ತಿದ್ದರು. ಅವಳು ಆರಿಸಿಕೊಂಡ ವಿಷಯ, ಸದ್ದಿನಲ್ಲಿ ದುಡಿಯುವವರ ಕಿವಿ. ಹಿಟ್ಟಿನ ಗಿರಣಿಯವರು, ಲೇತ್ ಕೆಲಸದವರು, ಡ್ರೈವರ್‌ಗಳು, ಹೀಗೆ ಹನ್ನೆರಡು ಜನರನ್ನು ಕೂರಿಸಿ, ಮೊಬೈಲ್ ಆಪ್‌ನಲ್ಲಿ ಒಂದೊಂದೇ ಕಿವಿಗೆ ಶಬ್ದ ಕೇಳಿಸಿ ಬರೆದುಕೊಂಡಳು. ಚಾರ್ಟ್‌ನಲ್ಲಿ ಹೆಸರಿಲ್ಲ, ನಂಬರ್ ಮತ್ತು ಕಸುಬು ಮಾತ್ರ. ಅಷ್ಟು ಜಾಗ್ರತೆ ಸಾಕೆಂದು ನಂಬಿದ್ದೆ.

ಶಾಲೆಯ ಪ್ರಾಜೆಕ್ಟ್ ಪ್ರದರ್ಶನದ ಹಿಂದಿನ ದಿನ ಬಂದು ನಿಂತಳು. "ಮೇಡಂ, ಏಳನೇ ನಂಬರ್ ಬಿಟ್ಬಿಡ್ತೀನಿ. ಹನ್ನೊಂದು ಜನ ಸಾಕಲ್ವಾ?"

"ಸಾಕಾಗಲ್ಲ ಮಾರಾಯ್ತಿ. ಸಿಕ್ಕಿದ ಡೇಟಾ ಮುಚ್ಚಿಡಬಾರ್ದು ಅಂತ ನೀವ್ ಮಕ್ಳೇ ತಾನೇ ರೂಲ್ ಮಾಡಿದ್ದು?" ಎಂದೆ. ಅವಳು ಚಾರ್ಟ್ ಸುತ್ತಿಕೊಂಡು ಹೋದಳು. ಏಳನೇ ನಂಬರ್ ಯಾರೆಂದೂ ನೋಡದೆ ನಾನು ಅವಳ ಫೈಲ್ ತೆರೆದು, "ಡೇಟಾದ ವಿಷಯದಲ್ಲಿ ಪ್ರಾಮಾಣಿಕತೆ ಸುಧಾರಿಸಬೇಕು" ಎಂದು ಬರೆದೆ.

ಮರುದಿನ ಪೋಷಕರೆಲ್ಲ ಬಂದರು. ರುದ್ರೇಶ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮಗಳ ಚಾರ್ಟ್ ಪಕ್ಕದಲ್ಲಿ ನಿಂತಿದ್ದರು. ಅವರ ಎಡಕ್ಕಿದ್ದ ತಾಯಿಯೊಬ್ಬರು ಓದಿದರು: "ಏಳು, ಸ್ಕೂಲ್ ವ್ಯಾನ್ ಡ್ರೈವರ್. ಎಡಗಿವಿ ಏನೂ ಕೇಳಲ್ಲ. ಅಯ್ಯೋ, ಇದು ನಮ್ ರುದ್ರೇಶಣ್ಣ ಅಲ್ವೇನ್ರೀ?"

ಎಲ್ಲರೂ ಅವರತ್ತ ತಿರುಗಿದರು. ರುದ್ರೇಶ್ ನಗುತ್ತಲೇ ಮಗಳ ಕಡೆ ಬಾಗಿ, "ಏನಂತೆ ಮಗಾ?" ಎಂದರು. ಆ ಗದ್ದಲದಲ್ಲಿ ಎಡಗಡೆಯಿಂದ ಬಂದ ಮಾತು ಅವರಿಗೆ ಕೇಳಿಸಿರಲಿಲ್ಲ.

ಅಂದೇ ಶಾಲೆಯವರು ರುದ್ರೇಶ್ ಅವರಿಂದ ವ್ಯಾನಿನ ಕೀ ವಾಪಸ್ ಪಡೆದರು. ಮಕ್ಕಳ ಜೀವದ ಪ್ರಶ್ನೆ, ಅದನ್ನು ತಪ್ಪೆನ್ನಲಾರೆ. ಆದರೆ ಆ ಸುದ್ದಿ ಅವರಿಗೆ ತಲುಪಬೇಕಾದದ್ದು ಡಾಕ್ಟರ ಕೋಣೆಯಲ್ಲಿ, ಹತ್ತು ಜನರ ಮುಂದೆ ಅಲ್ಲ.

ವಾರವಾದರೂ ಸಿಂಧು ಶಾಲೆಗೆ ಬರಲಿಲ್ಲ. ಅವರ ಮನೆಗೆ ಹೋದೆ. ರುದ್ರೇಶ್, "ಬನ್ನಿ ಮೇಡಂ, ಈ ಕಡೆ ಕೂತ್ಕೊಳ್ಳಿ" ಎಂದು ತಮ್ಮ ಬಲಕ್ಕೆ ಕುರ್ಚಿ ಹಾಕಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಅದನ್ನೇ ನನ್ನಿಂದ ತಡೆದುಕೊಳ್ಳಲಾಗಲಿಲ್ಲ.

ಸಿಂಧು ಅಡುಗೆಮನೆ ಬಾಗಿಲಲ್ಲೇ ನಿಂತಿದ್ದಳು. "ಕಿವಿ ಅಷ್ಟು ಹೋಗಿದೆ ಅಂತ ಅಪ್ಪಂಗೇ ಗೊತ್ತಿರ್ಲಿಲ್ಲ, ಮೊದ್ಲು ನಾನೇ ಹೇಳ್ಬೇಕಿತ್ತು ಮೇಡಂ. ಅದಕ್ಕೇ ಎರಡು ದಿನ ಬೇಕಿತ್ತು. ಯಾಕೆ ಬಿಡ್ತೀಯಾ ಅಂತ ನೀವು ಒಂದ್ಸಲಾನೂ ಕೇಳ್ಲಿಲ್ಲ."

ಅವಳು ಮತ್ತೆ ನಮ್ಮ ಶಾಲೆಗೆ ಬರಲಿಲ್ಲ. ಮಗು ಏನನ್ನಾದರೂ ಮುಚ್ಚಿಟ್ಟರೆ ಮೊದಲು ಅದರ ಪಕ್ಕದಲ್ಲಿ ಕೂತು ಯಾಕೆಂದು ಕೇಳಬೇಕು ಎಂಬುದನ್ನು ಮೂವತ್ತು ವರ್ಷ ಪಾಠ ಮಾಡಿದ ಮೇಲೆ ಕಲಿತೆ. ಅವಳ ಫೈಲಿನಲ್ಲಿ ನಾನು ಬರೆದ ಸಾಲನ್ನು ಹೊಡೆದುಹಾಕಿ, ಕೆಳಗೆ "ತಪ್ಪು ನನ್ನದು" ಎಂದು ಬರೆದು ಸಹಿ ಮಾಡಿದೆ. ಅದನ್ನು ಅವಳು ಓದಲಿಲ್ಲ.