ಷಡ್ಡಕನ ಮನೆಯ ರೂಟರು

ಹೊಟ್ಟೆಕಿಚ್ಚಿಗೆ ಕಾರಣ ದೊಡ್ಡದೇ ಆಗಬೇಕೆಂದೇನಿಲ್ಲ. ನನ್ನದು ಅಂಗೈಯಗಲದ ಒಂದು ಕಪ್ಪು ಡಬ್ಬಿಯಿಂದ ಶುರುವಾಯಿತು. ಅದು ಇರುವುದು ಕುಣಿಗಲ್ಲಿನಲ್ಲಿ, ನನ್ನ ಷಡ್ಡಕನ ಮನೆಯ ಟಿವಿ ಪಕ್ಕ.

ಗುಬ್ಬಿಯಲ್ಲಿರುವ ನಮ್ಮತ್ತೆಗೆ ನಾವಿಬ್ಬರು ಅಳಿಯಂದಿರು. ನಾನು ಹಿರಿಯ. ನಮ್ಮ ವಂಶದಲ್ಲಿ ಡಿಗ್ರಿಯ ಮುಖ ಮೊದಲು ಕಂಡವನು. ಚೇಳೂರಿನಿಂದ ಬಸ್ಸಿನ ಫುಟ್‌ಬೋರ್ಡಿನಲ್ಲಿ ನೇತಾಡಿಕೊಂಡು ಹೋಗಿ ಸಂಪಾದಿಸಿದ್ದು. ಆ ಮರ್ಯಾದೆಗೆ ಅತ್ತೆ ತೆಂಗಿನಕಾಯಿ ಕೀಳಿಸುವುದಿದ್ದರೂ ನನಗೊಂದು ಫೋನ್ ಮಾಡುತ್ತಿದ್ದರು. "ಓದಿರೋರು ನೀವು, ಒಂದ್ಮಾತು ಕೇಳ್ಬುಡಣ ಅಂತ." ಅಷ್ಟಕ್ಕೇ ನಾನು ವಾರಗಟ್ಟಲೆ ಬೀಗುತ್ತಿದ್ದೆ.

ಈಚೆಗೆ ಆ ಫೋನು ಕುಣಿಗಲ್ಲಿಗೆ ಹೋಗತೊಡಗಿತು. ಅತ್ತೆಗೆ ಕಣ್ಣಿನ ಪೊರೆ ತೆಗೆಸಬೇಕು. ನಾನಿರುವುದು ತುಮಕೂರಿನ ಬಟವಾಡಿಯಲ್ಲಿ, ಬಾಗಿಲು ತೆರೆದರೆ ಕಣ್ಣಿನ ಕ್ಲಿನಿಕ್ಕು. ಆದರೂ ಸಲಹೆ ಕೇಳಿದ್ದು ಷಡ್ಡಕನನ್ನು. ಕಾರಣ ನನ್ನ ಹೆಂಡತಿ ಹೇಳಿದಳು: "ಅವ್ರ ಮನೆ ಫೋನಲ್ಲಿ ಪಕ್ಕದಲ್ಲೇ ಕೂತು ಮಾತಾಡ್ದಂಗೆ ಕೇಳುತ್ತಂತೆ. ನಮ್ದು ಕೊಡದೊಳಗೆ ಬಗ್ಗಿ ಮಾತಾಡ್ದಂಗಂತೆ ಕಣ್ರೀ."

ಅವನು ಕೆಟ್ಟವನಾಗಿದ್ದರೆ ನನ್ನ ಹೊಟ್ಟೆಕಿಚ್ಚು ಸಲೀಸಾಗಿರುತ್ತಿತ್ತು. ಪಂಕ್ತಿಯಲ್ಲಿ ಕೂತರೆ ಹಪ್ಪಳ ಮೊದಲು ನನ್ನ ಎಲೆಗೆ ಹಾಕಿಸುವ ಮನುಷ್ಯ ಅವನು.

ಹೋಗಲಿ, ತೊಂದರೆ ಯಂತ್ರದ್ದು ತಾನೇ. ನಮ್ಮದು ಹಳೆಯ ಲ್ಯಾಂಡ್‌ಲೈನು. ಅವನ ಫೋನು ಓಡುವುದು ಆ ಕಪ್ಪು ಡಬ್ಬಿಯ ಮೂಲಕ, ಇಂಟರ್‌ನೆಟ್ಟಿನ ಮೇಲೆ. ಯಾವ ರೂಟರು ಎಂದು ಅವನನ್ನೇ ಕೇಳಬಹುದಿತ್ತು. ಆದರೆ ಹಿರಿಯಳಿಯ ಕಿರಿಯಳಿಯನನ್ನು ಕೇಳುವುದುಂಟೆ? ಅವನದಕ್ಕೆ ಆಂಟೆನಾ ಎಂಬ ಎರಡು ಕೊಂಬಿದ್ದದ್ದು ನೆನಪಿತ್ತು. ನಾನು ಆರು ಕೊಂಬಿನದನ್ನು ತಂದೆ. ಕೊಂಬು ನೋಡಿ ರಾಸು ಕೊಳ್ಳುವ ಮನೆಯವನು, ರೂಟರನ್ನೂ ಹಾಗೇ ಆರಿಸಿದೆ. ಬಿಚ್ಚಿ ನೋಡಿದರೆ ಫೋನಿನ ವೈರು ಸಿಕ್ಕಿಸುವ ಜಾಗವೇ ಇಲ್ಲ.

"ಕೊಂಬೆಣಿಸಿದ್ರಿ, ತೂತು ನೋಡ್ಲಿಲ್ವಾ?" ಎಂದಳು ಹೆಂಡತಿ.

ಅಂಥ ರೂಟರಿಗೆ ಅಡಾಪ್ಟರ್ ಎಂಬ ಇನ್ನೊಂದು ಡಬ್ಬಿ ಬೇಕು. ನಾವಾಡಿದ ಮಾತನ್ನು ಅದು ಚೂರುಚೂರು ಮಾಡಿ ಇಂಟರ್‌ನೆಟ್ಟಿಗೆ ಹತ್ತಿಸುತ್ತದೆ. ಆ ಕಡೆ ಚೂರುಗಳು ಕೂಡಿ ಮತ್ತೆ ಮಾತಾಗುತ್ತವೆ. ನಡುವೆ ಮನೆಯವರ ಸೀರಿಯಲ್ಲು ನುಗ್ಗಿದರೆ ಚೂರುಗಳು ತಡವಾಗಿ ಮಾತು ತೊದಲುತ್ತದೆ. ಆದ್ದರಿಂದ ಮಾತಿಗೆ ಮೊದಲು ದಾರಿ ಬಿಡು ಎಂದು ರೂಟರಿಗೆ ಹೇಳಿಡಬೇಕು. ಇಷ್ಟನ್ನೂ ಓದಿಕೊಂಡು, ಒಂದು ಭಾನುವಾರ ಎಲ್ಲವನ್ನೂ ನಾನೇ ಜೋಡಿಸಿ ಗುಬ್ಬಿಗೆ ಫೋನ್ ಮಾಡಿದೆ.

"ಈಗ ಕೇಳುತ್ತಾ ಅತ್ತೆ?"

"ಲಕ್ಷಣವಾಗಿ ಕೇಳುತ್ತೆ ಅಳಿಯಂದ್ರೇ. ಅದೇ, ಕಣ್ಣಿನ ವಿಷ್ಯ..."

"ನೀವೇನೂ ಯೋಚ್ನೆ ಮಾಡ್ಬೇಡಿ. ಇಲ್ಲೇ ಮಾಡ್ಸಣ, ನಾನೇ ಮಾತಾಡಿದೀನಿ, ನಮ್ಮನೇಲೇ ಇರಿ."

ಅತ್ತೆ ನಕ್ಕರು. "ಮುಂಚೇನೂ ಕೇಳ್ತಿತ್ತು ಬುಡಿ. ನಾನು ಅರ್ಧ ಹೇಳೋಷ್ಟ್ರಲ್ಲಿ ಉಳಿದಿದ್ದು ನೀವೇ ಮುಗಿಸ್ಬುಡ್ತೀರ. ಕುಣಿಗಲ್ನೋರು ಸುಮ್ಕೆ ಹ್ಞೂಂ ಅಂತಾರೆ. ಹಿರೀ ಅಳಿಯಂದ್ರ ಮೇಲೆ ತಪ್ಪು ಹಾಕಕ್ಕಾಯ್ತದಾ? ಫೋನಿನ್ ಮೇಲೆ ಹಾಕ್ದೆ."

ಪ್ರತಿಯೊಂದು ಅಕ್ಷರವೂ ಸ್ಪಷ್ಟವಾಗಿ ಕೇಳಿಸಿತು. ನಾನು ಬಾಯಿ ಮುಚ್ಚಿಕೊಂಡು ಕೂತೆ. ಹಳೆಯ ಲೈನಿನಲ್ಲಾದರೆ ಒಂದು ಗೊರಗೊರವಾದರೂ ಇರುತ್ತಿತ್ತು. ಇದರಲ್ಲಿ ಸುಮ್ಮನಿದ್ದರೆ ಪೂರಾ ಸುಮ್ಮನೆ.

"ಲೈನ್ ಹೋಯ್ತೇನೋ," ಎಂದರು ಅತ್ತೆ.

"ಇದೀನಿ ಅತ್ತೆ, ಹೇಳಿ."

"ಏನಿಲ್ಲ, ಕಣ್ಣಿಗೆ ಕತ್ತರಿ ಹಾಕ್ತಾರಲ್ಲ, ಅದೇ ಒಂದ್ ಭಯ..." ಎಂದು ಶುರು ಮಾಡಿದರು. ಈಗಿನ ಆಪರೇಷನ್ ಎಷ್ಟು ಸುಲಭವೆಂಬ ಪೂರ್ತಿ ಭಾಷಣ ನನ್ನ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಅದನ್ನು ನುಂಗಿಕೊಂಡು "ಹ್ಞೂಂ" ಎಂದೆ. ಇಷ್ಟು ಕಷ್ಟದ ಮಾತನ್ನು ಆ ಷಡ್ಡಕ ದಿನವೂ ಅದು ಹೇಗೆ ಅಷ್ಟು ಹಗುರವಾಗಿ ಹೇಳುತ್ತಾನೋ ಎಂದು ಮತ್ತೆ ಹೊಟ್ಟೆ ಉರಿಯಿತು.